ಪಿಕ್ ಇಟ್ಟುಕೊಳ್ಳೋದು ಯಾವಾಗ, ಕೊಡೋದು ಯಾವಾಗ? ಐಸ್ ಹಾಕಿ ತಂಡ ಕಟ್ಟುವ ಲೆಕ್ಕಾಚಾರ

ಹಾಕಿ ಅಂದ ಕೂಡಲೇ ನಮಗೆ ನೆನಪಾಗುವುದು ಕೊಡಗು. ಆದರೆ ಇದು ಐಸ್ ಹಾಕಿ, ಅಮೆರಿಕ ಮತ್ತು ಕೆನಡಾದ ಎನ್‌ಎಚ್‌ಎಲ್ ವಿಚಾರ. ಅಲ್ಲಿ ಐಪಿಎಲ್ ಥರ ಹರಾಜಿಲ್ಲ. 32 ತಂಡಗಳು ಪ್ರತಿ ವರ್ಷ ಸರದಿ ಪ್ರಕಾರ 18ರ ಆಸುಪಾಸಿನ ಹುಡುಗರನ್ನು ಆರಿಸಿಕೊಳ್ಳುತ್ತವೆ. ಅದೇ ಡ್ರಾಫ್ಟ್, ಒಟ್ಟು 7 ಸುತ್ತು. ತಂಡದ ಪಾಲಿಗೆ ಬರುವ ಸರದಿಯೇ ‘ಪಿಕ್’. ಬೇಕಾದರೆ ಅದನ್ನು ಬೇರೆ ತಂಡಕ್ಕೆ ಕೊಟ್ಟು, ಬದಲಿಗೆ ಪಳಗಿದ ಆಟಗಾರನನ್ನು ತರಬಹುದು. ಅದು ಟ್ರೇಡ್.

ಮೊದಲು, ನಿಮ್ಮ ತಂಡಕ್ಕೆ ಬೆನ್ನೆಲುಬು ಇದೆಯಾ ನೋಡಿ. ಇಲ್ಲದಿದ್ದರೆ ಪಿಕ್‌ಗಳನ್ನು ಮುಟ್ಟಬೇಡಿ. ಟ್ಯಾಂಪಾ ಬೇ ಲೈಟ್ನಿಂಗ್ 2008ರಲ್ಲಿ ಮೊದಲ ಪಿಕ್‌ನಲ್ಲಿ ಸ್ಟೀವನ್ ಸ್ಟ್ಯಾಮ್‌ಕೋಸ್‌ನನ್ನು, 2009ರಲ್ಲಿ ಎರಡನೇ ಪಿಕ್‌ನಲ್ಲಿ ವಿಕ್ಟರ್ ಹೆಡ್‌ಮನ್‌ನನ್ನು ಆರಿಸಿತು. ಸರಿ, ಅದು ಯಾರಿಗಾದರೂ ಹೊಳೆಯುತ್ತಿತ್ತು ಅನ್ನಿ. ಆದರೆ ನಿಕಿತಾ ಕುಚೆರೊವ್ ಸಿಕ್ಕಿದ್ದು 58ನೆಯವನಾಗಿ, ಬ್ರೇಡನ್ ಪಾಯಿಂಟ್ 79ನೆಯವನಾಗಿ! ಹಾಗಾಗಿ ಎರಡು, ಮೂರನೇ ಸುತ್ತಿನ ಪಿಕ್‌ಗಳನ್ನು ಚಿಲ್ಲರೆ ಕಾಸಿನ ಥರ ಸುಮ್ನೆ ಕೊಟ್ಟುಬಿಡಬೇಡಿ. ಮೊದಲ ಪಿಕ್ ಒಂದನ್ನೇ ನಂಬಿ ಕೂರಲೂ ಆಗದು. ಎಡ್ಮಂಟನ್‌ಗೆ 2010, 2011, 2012 ಮೂರೂ ವರ್ಷ ಮೊದಲ ಪಿಕ್ ಸಿಕ್ಕಿತ್ತು. ಪ್ಲೇಆಫ್ ಕಂಡಿದ್ದು ಮಾತ್ರ 2017ರಲ್ಲಿ.

ಬೆನ್ನೆಲುಬು ಗಟ್ಟಿಯಾದ ಮೇಲೆ, ಕೊರತೆ ಎಲ್ಲಿದೆ ಅಂತ ಹುಡುಕಿ. ಟ್ಯಾಂಪಾ 2018–19ರ ಲೀಗ್ ಹಂತದಲ್ಲಿ 62 ಪಂದ್ಯ ಗೆದ್ದಿತ್ತು. ಪ್ಲೇಆಫ್‌ನ ಮೊದಲ ಸುತ್ತಲ್ಲೇ ಕೊಲಂಬಸ್ ಎದುರು ಸರಣಿಯ ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋತು ಮನೆಗೆ ಹೋಯಿತು. ಗೋಲು ಹೊಡೆಯುವವರಿಗೆ ಅಲ್ಲಿ ಬರವಿರಲಿಲ್ಲ. ಬೇಕಿದ್ದವರು ಮೈಗೆ ಮೈ ಕೊಟ್ಟು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಿತ್ತುಕೊಳ್ಳುವವರು. 2020ರ ಫೆಬ್ರವರಿಯಲ್ಲಿ ಜನರಲ್ ಮ್ಯಾನೇಜರ್ ಜೂಲಿಯನ್ ಬ್ರಿಸ್‌ಬ್ವಾ ಇಬ್ಬರನ್ನು ತಂದರು: ಬ್ಲೇಕ್ ಕೋಲ್‌ಮನ್, ಬಾರ್ಕ್ಲೆ ಗುಡ್ರೋ. ಒಬ್ಬೊಬ್ಬನಿಗೂ ಒಂದೊಂದು ಮೊದಲ ಸುತ್ತಿನ ಪಿಕ್ ಹೋಯಿತು, ಕೋಲ್‌ಮನ್‌ಗೆ ಜೊತೆಗೊಬ್ಬ ಭರವಸೆಯ ಹುಡುಗನೂ. ಜಾಸ್ತಿ ಆಯ್ತು ಅನ್ನಿಸುತ್ತೆ, ಅಲ್ವಾ?

ಇಲ್ಲಿಯೇ ಸಂಬಳದ ಲೆಕ್ಕ ಹಾಕಬೇಕು. ಎನ್‌ಎಚ್‌ಎಲ್‌ನಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇದೆ. ಆ ವರ್ಷ ಅದು 8.15 ಕೋಟಿ ಡಾಲರ್. ಕೋಲ್‌ಮನ್‌ಗೆ ವರ್ಷಕ್ಕೆ 18 ಲಕ್ಷ ಡಾಲರ್, ಗುಡ್ರೋಗೆ 10 ಲಕ್ಷಕ್ಕಿಂತ ಕಡಿಮೆ. ಇಬ್ಬರ ಒಪ್ಪಂದದಲ್ಲೂ ಇನ್ನೊಂದು ಸೀಸನ್ ಬಾಕಿ ಇತ್ತು. ಅಂದರೆ ಒಬ್ಬೊಬ್ಬನಿಗೂ ಕೊಟ್ಟಿದ್ದು ಮೊದಲ ಸುತ್ತಿನ ಒಂದು ಪಿಕ್, ಸಿಕ್ಕಿದ್ದು ಎರಡು ಪ್ಲೇಆಫ್. 2020, 2021 ಎರಡೂ ವರ್ಷ ಕಪ್ ಟ್ಯಾಂಪಾದ್ದೇ. 2021ರ ಫೈನಲ್‌ನ ಎರಡನೇ ಪಂದ್ಯದಲ್ಲಿ, ಎರಡನೇ ಅವಧಿ ಇನ್ನೇನು ಮುಗಿಯಬೇಕು, ಕೋಲ್‌ಮನ್ ಐಸ್ ಮೇಲೆ ಹಾರಿಬಿದ್ದು ಪಕ್ಕನ್ನು ಗೋಲಿಗೆ ತಳ್ಳಿದ.

ಕೊನೆಗೆ, ಎಷ್ಟರವರೆಗೆ ಕೊಡಬಹುದು ಅಂತ ಮೊದಲೇ ಗೆರೆ ಎಳೆದುಕೊಳ್ಳಿ. ಅದೇ ಟ್ಯಾಂಪಾ 2023ರಲ್ಲಿ ಟ್ಯಾನರ್ ಜನೋಗಾಗಿ ಒಬ್ಬ ಆಟಗಾರ ಮತ್ತು ಐದು ಪಿಕ್ ಕೊಟ್ಟಿತು, ಒಂದರಿಂದ ಐದನೇ ಸುತ್ತಿನವರೆಗೆ ಒಂದೊಂದು. ನನ್ನ ಪ್ರಕಾರ ಅಲ್ಲಿ ಕೈ ಬಿಗಿ ಮಾಡಬೇಕಿತ್ತು. ಮರುವರ್ಷವೇ ಅವನನ್ನು ಲಾಸ್ ಏಂಜಲಿಸ್‌ಗೆ ಕಳಿಸಿದರು.

ಅಂದಹಾಗೆ, ಕೋಲ್‌ಮನ್, ಗುಡ್ರೋ ಜೊತೆ ಮೂರನೇ ಸಾಲಿನಲ್ಲಿ (ಒಟ್ಟಿಗೇ ಐಸ್‌ಗೆ ಇಳಿಯುವ ಮೂವರು ಮುನ್ಪಡೆ ಆಟಗಾರರ ಗುಂಪು) ಆಡುತ್ತಿದ್ದವನು ಯಾನಿ ಗೋರ್ಡ್. ಡ್ರಾಫ್ಟ್‌ನಲ್ಲಿ ಯಾರೂ ಅವನನ್ನು ಆರಿಸಿರಲಿಲ್ಲ. ಟ್ಯಾಂಪಾಕ್ಕೆ ಒಂದು ಪಿಕ್ಕೂ ಖರ್ಚಾಗದೆ ಬಂದಿದ್ದ. 2021ರಲ್ಲಿ ಅವನು ಸಿಯಾಟಲ್‌ನ ಹೊಸ ತಂಡದ ಪಾಲಾದ. 2025ರಲ್ಲಿ ಅವನನ್ನೂ ಜೊತೆಗೆ ಆಲಿವರ್ ಬ್ಯೋರ್ಕ್‌ಸ್ಟ್ರಾಂಡ್‌ನನ್ನೂ ತರಿಸಲು ಟ್ಯಾಂಪಾ ಕೊಟ್ಟಿದ್ದರಲ್ಲಿ ಮೊದಲ ಸುತ್ತಿನ ಪಿಕ್‌ಗಳೇ ಎರಡು.