ಪೇಟೆಯ ಒಂದು ಬೀದಿಗೆ ವಲಸೆಯ ಚರಿತ್ರೆ ಬರೆಯುವುದು ಹೇಗೆ

ಬೆಂಗಳೂರು ಪೇಟೆಗೆ ಎಲ್ಲರೂ ಹೊರಗಿನಿಂದ ಬಂದವರೇ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸಿದಾಗ ಕಸುಬಿಗೊಂದು ಬೀದಿಯಾಗಿ ಜನ ಬಂದು ನೆಲೆಸಿದರು. 1638ರಲ್ಲಿ ಊರು ಬಿಜಾಪುರದ ಕೈಸೇರಿದ ಮೇಲೆ ಮರಾಠರು ಬಂದರು. ತೋಟಗಾರಿಕೆಯ ತಿಗಳರು, ಮಗ್ಗದ ದೇವಾಂಗರು, ಮಾರ್ವಾಡಿ ಮತ್ತು ಗುಜರಾತಿ ವ್ಯಾಪಾರಿಗಳು, ಈಗ ನಗರ್ತಪೇಟೆಯ ಮೇಲಂತಸ್ತುಗಳಲ್ಲಿ ಚಿನ್ನದ ಕೆಲಸ ಮಾಡುವ ಬಂಗಾಳದ ಹುಡುಗರು, ಹೀಗೆ ಸಾಲು ಮುಂದುವರಿದಿದೆ. ಆದ್ದರಿಂದ 'ಮೂಲದವರು ಯಾರು' ಎಂದು ಹುಡುಕಲು ಹೊರಡಬೇಡಿ. ಯಾರು ಯಾವಾಗ ಬಂದರು, ಯಾವ ಕಸುಬು ಹೊತ್ತು ತಂದರು, ಜಾಗ ಬಿಟ್ಟು ಎಲ್ಲಿಗೆ ಹೋದರು ಎಂಬ ಮೂರು ಪ್ರಶ್ನೆಗಳಿದ್ದರೆ ಕೆಲಸ ಸಾಗುತ್ತದೆ.

ಇಡೀ ಚಿಕ್ಕಪೇಟೆಯನ್ನು ಕೈಗೆತ್ತಿಕೊಂಡವರು ಅರ್ಧಕ್ಕೇ ಬಿಡುತ್ತಾರೆ. 200 ಮೀಟರಿನ ಒಂದು ಬೀದಿ ಸಾಕು. 1 ಸೆಂ.ಮೀ.ಗೆ 5 ಮೀಟರ್ ಅಳತೆಯಲ್ಲಿ ಬರೆದರೆ ಅದು 40 ಸೆಂ.ಮೀ. ಆಗುತ್ತದೆ, 42 ಸೆಂ.ಮೀ. ಉದ್ದದ ಎ3 ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. 30 ಮೀಟರಿನ ಟೇಪು, ಗಟ್ಟಿ ರಟ್ಟು, ಪೆನ್ಸಿಲ್ಲು ಇರಲಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಮೊದಲ ಸುತ್ತನ್ನು ಬೆಳಗ್ಗೆ 7ಕ್ಕೆ, ಅಂಗಡಿ ಬಾಗಿಲು ತೆರೆಯುವ ಮುಂಚೆ ಹಾಕಿ. ಸರಕು ಬೀದಿಗೆ ಬಂದ ಮೇಲೆ ಗೋಡೆಯೂ ಕಾಣದು, ಟೇಪೂ ಓಡದು. ಎರಡನೆಯ ಸುತ್ತು ಸಂಜೆ 4ರ ಹೊತ್ತಿಗೆ. ಆಗ ಮನುಷ್ಯರನ್ನು ನೋಡಬೇಕು: ಯಾರು ಕೂಲಿ ಹೊರುತ್ತಾರೆ, ಗಲ್ಲಾದಲ್ಲಿ ಯಾವ ಮಾತು, ಚಹಾ ಯಾವ ಮಹಡಿಗೆ ಹೋಗುತ್ತಿದೆ.

ಬೀದಿಯ ಹೆಸರನ್ನು ಸಾಕ್ಷಿಯೆಂದು ಬರೆದುಕೊಳ್ಳಿ, ತೀರ್ಪೆಂದು ಅಲ್ಲ. ಬಳೆಪೇಟೆ ಇಂದು ಸಂಗೀತ ವಾದ್ಯಗಳ ಅಂಗಡಿಗಳಿಗೆ ಹೆಸರಾದದ್ದು. ಕಬ್ಬನ್‌ಪೇಟೆಯ ಹೆಸರು 1834ರಿಂದ 1861ರವರೆಗೆ ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನರದು, ಕೇಳಿಸುತ್ತಿದ್ದ ಸದ್ದು ಮಾತ್ರ ದೇವಾಂಗರ ಮಗ್ಗದ್ದು. ಕೆಲವು ಹೆಸರುಗಳು ಗಡಿಯನ್ನು ಕಾಯುತ್ತವೆ: ಕೋಟೆಯ ಬಾಗಿಲು ಹೋಗಿ ಎಷ್ಟೋ ಕಾಲವಾದರೂ ಹಲಸೂರು ಗೇಟ್ ಎಂಬ ಪೊಲೀಸ್ ಠಾಣೆ ಉಳಿದಿದೆ. ಪೇಟೆಯ ಸುತ್ತ ಕಂದಕವೂ ಮುಳ್ಳುಬೇಲಿಯೂ ಇದ್ದವು. 1791ರಲ್ಲಿ ಕಾರ್ನ್‌ವಾಲಿಸ್ ಮುತ್ತಿಗೆ ಹಾಕಿದಾಗಿನ ನಕ್ಷೆಯನ್ನು ನಿಮ್ಮ ಹಾಳೆಯ ಪಕ್ಕಕ್ಕಿಟ್ಟು, ಇಂದಿನ ಅವೆನ್ಯೂ ರಸ್ತೆಯಾಗಿರುವ ದೊಡ್ಡಪೇಟೆ ಮತ್ತು ಅದನ್ನು ಅಡ್ಡ ಹಾಯುವ ಚಿಕ್ಕಪೇಟೆ ಬೀದಿಯನ್ನು ಮೊದಲು ಹೊಂದಿಸಿ. ಆ ಎರಡು ಸರಿಹೋದರೆ ಮಿಕ್ಕ ಗಲ್ಲಿಗಳ ಜಾಡು ಹಿಡಿಯಬಹುದು.

ಕಟ್ಟಡ ಓದುವಾಗ ಕಣ್ಣು ಬೋರ್ಡಿನ ಮೇಲಕ್ಕೆ ಹೋಗಲಿ. ನೆಲಮಹಡಿಯನ್ನು ಬಾಡಿಗೆಗೆ ಬಂದವರೆಲ್ಲ ಬದಲಿಸಿರುತ್ತಾರೆ. ಮರದ ಕಂಬ, ತೊಲೆ, ಗಾರೆಯ ಹೂಬಳ್ಳಿ ಉಳಿಯುವುದು ಮೇಲೆ. ಅಂಗಡಿಯ ಮೆಟ್ಟಿಲು ಅಕ್ಕಪಕ್ಕದವಕ್ಕಿಂತ ಅಗಲವಾಗಿ ಚಪ್ಪಡಿಯದಾಗಿದ್ದರೆ ಅದು ಹಳೆಯ ಮನೆಯ ಜಗಲಿಯಿರಬಹುದು. ಒಳಗೆ ಬಿಟ್ಟರೆ ನೆಲದಲ್ಲಿ ಮುಚ್ಚಿದ ಮಗ್ಗದ ಗುಂಡಿಯ ಗುರುತು ಇದೆಯೇ ಎಂದು ಕೇಳಿ. ಮಂಗಳೂರು ಹೆಂಚು ಕಂಡರೆ ಒಂದು ಮಾತು ಖಚಿತ: ಬಾಸೆಲ್ ಮಿಷನ್ನಿನ ಮೊದಲ ಹೆಂಚಿನ ಕಾರ್ಖಾನೆ 1865ರದು, ಆದ್ದರಿಂದ ಆ ಮಾಡು ಅದಕ್ಕಿಂತ ಹಿಂದಿನದಲ್ಲ. ಹಲವರು ಎಡವುವುದು ಇಲ್ಲೇ. ಹೆಂಚನ್ನು ಇಳಿಸಿ ಬೇರೆ ಮನೆಗೆ ಹೊದಿಸುವುದು ವಾಡಿಕೆ. ಹೆಂಚಿನ ಮುದ್ರೆಯಿಂದ ಹೆಂಚಿನ ವಯಸ್ಸು ತಿಳಿಯುತ್ತದೆ, ಕೆಳಗಿನ ಗೋಡೆಯದಲ್ಲ. ಗೋಡೆಗೆ ಬೇರೆ ಆಧಾರ ಬೇಕು.

ಆ ಆಧಾರಕ್ಕೆ ಋಣಭಾರ ಪ್ರಮಾಣಪತ್ರ, ಜನರ ಬಾಯಲ್ಲಿ ಇ.ಸಿ., ಅಂದರೆ ಒಂದು ಆಸ್ತಿಯ ವ್ಯವಹಾರಗಳ ಪಟ್ಟಿ, ಒಳ್ಳೆಯ ದಾರಿ. 2004ರ ಏಪ್ರಿಲ್ 1ರಿಂದ ಈಚಿನದು ಕಾವೇರಿ ಜಾಲತಾಣದಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಉಪ ನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಮನೆ ನಂಬರು ಹಲವು ಸಲ ಬದಲಾಗಿರುವುದರಿಂದ ನಂಬರೊಂದನ್ನೇ ಕೊಟ್ಟರೆ 'ವಹಿವಾಟಿಲ್ಲ' ಎಂಬ ಉತ್ತರ ಬರಬಹುದು. ಹಳೆಯ ನಂಬರು, ಹೊಸ ನಂಬರು, ನಾಲ್ಕೂ ದಿಕ್ಕಿನ ಚಕ್ಕುಬಂದಿ (ಗಡಿಯ ವಿವರ) ಮೂರನ್ನೂ ಕೊಡಿ. ಬಂದ ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ. ಅದರಲ್ಲಿ ಇರುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನ ಪಾಲು, 11 ತಿಂಗಳ ಬಾಡಿಗೆ ಕರಾರು, ಪಗಡಿ (ಬಾಡಿಗೆಗೆ ಹಿಡಿಯಲು ಕೊಡುವ ಇಡಿಗಂಟು) ಕೊಟ್ಟು ಹಿಡಿದ ಮಳಿಗೆ ಅಲ್ಲಿ ಕಾಣವು. ವಲಸೆ ಬಂದವರು ಬಹುಪಾಲು ಬಾಡಿಗೆದಾರರು. ಅವರ ಜಾಡು ಸಿಗುವುದು ಹಳೆಯ ಬಿಲ್ಲು ಪುಸ್ತಕ, ಟೆಲಿಫೋನ್ ಡೈರೆಕ್ಟರಿ, ಅಂಗಡಿಯವರು ಹಂಚಿದ ಕ್ಯಾಲೆಂಡರು, ಮದುವೆಯ ಲಗ್ನಪತ್ರಿಕೆಗಳಲ್ಲಿ. ಇವನ್ನು ಮನೆಗೆ ಒಯ್ಯಬೇಡಿ, ಅಲ್ಲೇ ಫೋಟೊ ತೆಗೆದು ಹಿಂದಿರುಗಿಸಿ.

ಜನಗಣತಿಯ ಅಂಕಿಗಳನ್ನು ಪೇಟೆಗೆ ಅನ್ವಯಿಸುವಾಗ ಎರಡು ತೊಡಕು. ವಾರ್ಡಿನ ಗಡಿ ಬದಲಾಗುತ್ತದೆ, ಹಾಗಾಗಿ ಎರಡು ಜನಗಣತಿಗಳ ವಾರ್ಡನ್ನು ನೇರ ಹೋಲಿಸಿದರೆ ಇಲ್ಲದ ವಲಸೆ ಹುಟ್ಟಿಕೊಳ್ಳುತ್ತದೆ. ಮತ್ತೆ, ಜನಗಣತಿ ವಾಸವಿರುವವರನ್ನು ಎಣಿಸುತ್ತದೆ. ಹಗಲಿಡೀ ಇಲ್ಲಿ ವ್ಯಾಪಾರ ಮಾಡಿ ರಾತ್ರಿ ಬೇರೆ ಬಡಾವಣೆಗೆ ಹೋಗುವ ಮನೆತನ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಇಲ್ಲಿ ಅಲ್ಲ.

ಜನರನ್ನು ಮಾತಾಡಿಸುವುದು ಕೊನೆಗೆ, ನಕ್ಷೆ ಕೈಯಲ್ಲಿದ್ದಾಗ. 'ಯಾವ ಇಸವಿಯಲ್ಲಿ ಬಂದಿರಿ ಯಜಮಾನರೇ?' ಎಂದರೆ ಅಂದಾಜಿನ ದುಂಡು ಸಂಖ್ಯೆ ಬರುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವ ಮುಂಚೆಯೋ (1973), ತುರ್ತು ಪರಿಸ್ಥಿತಿಯ ಕಾಲದಲ್ಲೋ (1975), ಚಿಕ್ಕಪೇಟೆ ಮೆಟ್ರೊ ನಿಲ್ದಾಣ ತೆರೆದ ಮೇಲೋ (2017) ಎಂದು ಕೇಳಿ. ತಾತನ ಕಾಲದ್ದಾದರೆ 1921ರ ಕೆ.ಆರ್. ಮಾರುಕಟ್ಟೆಯೂ 1898ರ ಪ್ಲೇಗೂ ಮೈಲಿಗಲ್ಲುಗಳು. ಪ್ಲೇಗಿನ ಪ್ರಶ್ನೆಯನ್ನು ಬಿಡಲೇಬಾರದು: ಆಮೇಲೆ ಬಸವನಗುಡಿ, ಮಲ್ಲೇಶ್ವರಗಳತ್ತ ಹೋದವರ ಮನೆಗೆ ಯಾರು ಬಂದರು ಎಂಬಲ್ಲಿ ಬೀದಿಯ ಗುಣವೇ ಬದಲಾದದ್ದು ತಿಳಿಯಬಹುದು. ಜಾತಿ ಕೇಳುವ ಬದಲು 'ಅಜ್ಜಿ ಮನೇಲಿ ಯಾವ ಮಾತಾಡ್ತಿದ್ರು, ಮನೆದೇವರು ಎಲ್ಲಿ?' ಎಂದು ಕೇಳಿ. ಮನೆದೇವರ ಊರು ಹಲವು ಸಲ ಹೊರಟ ಊರಿನ ದಿಕ್ಕನ್ನೇ ತೋರಿಸುತ್ತದೆ.

ಗುಡಿ, ದರ್ಗಾ, ಛತ್ರ, ಜೈನ ಮಂದಿರಗಳ ಕಲ್ಲಿನ ಮೇಲಿನ ಇಸವಿಯನ್ನು ಜನ ಬಂದ ಇಸವಿಯೆಂದು ಬರೆದುಬಿಡುವುದು ಸಾಮಾನ್ಯ ತಪ್ಪು. ಕಟ್ಟುವಷ್ಟು ಹಣ ಮತ್ತು ಒಗ್ಗಟ್ಟು ಬರಲು ಕಾಲ ಹಿಡಿಯುತ್ತದೆ. ಕಲ್ಲು ಹೇಳುವುದು ನೆಲೆಯೂರಿದ ಕಾಲವನ್ನು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯ ಗುಡಿಯ ಕರಗದ ಜಾಡನ್ನು ಹಾಳೆಯ ಮೇಲೆ ಗೆರೆಯಾಗಿ ಎಳೆಯಿರಿ. ತಿಗಳರ ಆ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಯಾವ ಬೀದಿಗೆ ಯಾವ ಬೀದಿಯ ಸಂಬಂಧ ಎಂಬುದನ್ನು ಕ್ರಯಪತ್ರ ತೋರಿಸಲಾರದು, ಆ ಗೆರೆ ತೋರಿಸುತ್ತದೆ.

ಮೇಲಂತಸ್ತಿನ ಕಾರ್ಖಾನೆಗಳಲ್ಲಿ ಎಚ್ಚರಿಕೆ ಬೇಕು. ಮಾಲೀಕರ ಒಪ್ಪಿಗೆ ಪಡೆದೇ ಹತ್ತಿ. ಕೆಲಸಗಾರರ ಜತೆ ಮಾತು ಮಾತ್ರ ಹೊರಗೆ, ಚಹಾ ಅಂಗಡಿಯಲ್ಲಿ. ಯಜಮಾನರ ಎದುರಿಗೆ ಅವರು ಕೂಲಿಯ ಬಗ್ಗೆಯಾಗಲಿ, ಮಲಗುವ ಜಾಗದ ಬಗ್ಗೆಯಾಗಲಿ ಬಾಯಿ ಬಿಡುವುದಿಲ್ಲ. ಅವರ ಹೆಸರು, ಫೋನ್ ನಂಬರು ಬರೆದುಕೊಳ್ಳಬೇಡಿ. ಜಿಲ್ಲೆ, ಕಸುಬು, ಬಂದು ಎಷ್ಟು ವರ್ಷ, ಕರೆತಂದವರು ನೆಂಟರೋ ಮೇಸ್ತ್ರಿಯೋ ಎಂಬಷ್ಟು ಸಾಕು. ಇಂದು ಈ ಸಾಲು ಬರೆಯದಿದ್ದರೆ ಮುಂದೆ ಇವರ ಕುರುಹು ಯಾವ ದಾಖಲೆಯಲ್ಲೂ ಸಿಗದು.

ಹಾಳೆಯಲ್ಲಿ ಪ್ರತಿ ಕಟ್ಟಡಕ್ಕೂ ಮಹಡಿಗೊಂದರಂತೆ ಸಾಲು ಇಡಿ. ಪತ್ರ, ಕಟ್ಟಡ, ಮಾತು ಈ ಮೂರರಲ್ಲಿ ಎರಡು ಹೊಂದಿದರೆ ಶಾಯಿಯಲ್ಲಿ ಬರೆಯಿರಿ. ಒಂದೇ ಆಧಾರವಿದ್ದರೆ ಪೆನ್ಸಿಲ್ಲಿನಲ್ಲೇ ಇರಲಿ. ಮೂಲೆಯಲ್ಲಿ ನಡೆದು ನೋಡಿದ ದಿನಾಂಕ ಹಾಕಿ, ಒಂದು ಪ್ರತಿಯನ್ನು ಆ ಬೀದಿಯವರಿಗೇ ಕೊಟ್ಟು ತಪ್ಪಿದ್ದಲ್ಲಿ ಅವರ ಕೈಯಿಂದಲೇ ತಿದ್ದಿಸಿ.