ಐರನ್ ಮಾತ್ರೆ ಜೊತೆ ನನ್ನ ಜಗಳ

ಗರ್ಭಿಣಿಯಾಗಿ ಮೂರು ತಿಂಗಳು ತುಂಬಿ ವಾಂತಿ ನಿಂತ ಮೇಲೆ ಡಾಕ್ಟರ್ ಐರನ್ ಮಾತ್ರೆ ಬರೆದುಕೊಟ್ಟರು. ಅಲ್ಲಿವರೆಗೆ ಫೋಲಿಕ್ ಆಸಿಡ್ ಒಂದೇ ಇತ್ತು. 400 ಮೈಕ್ರೋಗ್ರಾಂನ ಪುಟ್ಟ ಮಾತ್ರೆ, ನುಂಗಿದ್ದೇ ಗೊತ್ತಾಗುತ್ತಿರಲಿಲ್ಲ. ಐರನ್ ಹಾಗಲ್ಲ. ಅರ್ಧ ಗಂಟೆಗೆಲ್ಲ ಹೊಟ್ಟೆ ತೊಳಸುತ್ತಿತ್ತು. ಬಾಯಲ್ಲಿ ತುಕ್ಕಿನ ರುಚಿ, ಮಲಬದ್ಧತೆ ಬೇರೆ. ಮೊದಲ ವಾರ ಮಲ ಕಪ್ಪಗಾಗಿದ್ದು ನೋಡಿ ಗಾಬರಿಯಿಂದ ಫೋನ್ ಮಾಡಿದ್ದೆ. "ಅದು ಮಾತ್ರೆಯಿಂದಲೇ, ಹೆದರಬೇಡಿ" ಎಂದರು ನರ್ಸ್.

ಹೆದರಿಕೆ ಹೋಯಿತು, ಬೇಜಾರು ಹೋಗಲಿಲ್ಲ. ಒಂದು ದಿನ ತಗೊಂಡರೆ ಎರಡು ದಿನ ಬಿಡುತ್ತಿದ್ದೆ. ಸ್ಕ್ಯಾನ್, ಬಿಪಿ, ಸಕ್ಕರೆ ಪರೀಕ್ಷೆ ಒಂದನ್ನೂ ತಪ್ಪಿಸದವಳು ಈ ಮಾತ್ರೆ ವಿಷಯದಲ್ಲಿ ಮಾತ್ರ ಕಳ್ಳಿ. ಡಾಕ್ಟರ್ ಕೇಳಿದರೆ "ಹೂಂ, ತಗೊಳ್ತಿದ್ದೀನಿ" ಅನ್ನುತ್ತಿದ್ದೆ.

ಏಳನೇ ತಿಂಗಳ ರಕ್ತ ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆ. ಹಿಮೋಗ್ಲೋಬಿನ್ 9.6. ಆ ಹೊತ್ತಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು. ಹೊಟ್ಟೆ ಭಾರ ಇರಬೇಕು ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ.

ಅವತ್ತು ನಿಜ ಹೇಳಿಬಿಟ್ಟೆ. ಬೈಗುಳ ಗ್ಯಾರಂಟಿ ಅಂದುಕೊಂಡಿದ್ದೆ. ಡಾಕ್ಟರ್ ಕೇಳಿದ್ದು ಇಷ್ಟೇ: "ತಗೊಂಡ ದಿನ ಯಾವಾಗ ತಗೋತೀರಿ? ಯಾವುದರ ಜೊತೆ?" ಬೆಳಿಗ್ಗೆ ತಿಂಡಿ ಆದ ಮೇಲೆ, ಕ್ಯಾಲ್ಸಿಯಂ ಮತ್ತು ಐರನ್ ಎರಡೂ ಒಟ್ಟಿಗೆ, ಹಿಂದೆಯೇ ಒಂದು ಲೋಟ ಟೀ. ಅವರು ಪೆನ್ ಕೆಳಗಿಟ್ಟರು. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಎಲ್ಲವೂ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಅಡ್ಡ ಬರುತ್ತವಂತೆ. ಅಂದರೆ ಕಷ್ಟಪಟ್ಟು ನುಂಗಿದ್ದರಲ್ಲೂ ಮುಕ್ಕಾಲು ವ್ಯರ್ಥವೇ ಆಗಿತ್ತೋ ಏನೋ.

ಮಾತ್ರೆ ಬದಲಾಯಿಸಿ ಕೊಟ್ಟರು, ಹೊತ್ತೂ ಬದಲಾಯಿತು. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿ ಜೊತೆಗೇ ಉಳಿಯಿತು. ಐರನ್ ರಾತ್ರಿಗೆ ಹೋಯಿತು: ಬೇಗ ಊಟ ಮುಗಿಸಿ, ಎರಡು ಗಂಟೆ ಬಿಟ್ಟು, ನಿಂಬೆಹಣ್ಣು ಹಿಂಡಿದ ನೀರಿನ ಜೊತೆ. ಹುಳಿಯಲ್ಲಿರುವ ವಿಟಮಿನ್ ಸಿ ಕಬ್ಬಿಣಾಂಶ ಹೀರಿಕೊಳ್ಳಲು ಸಹಾಯ ಮಾಡುತ್ತದೆ, ತುಕ್ಕಿನ ರುಚಿಯೂ ಸ್ವಲ್ಪ ಮುಚ್ಚಿಹೋಗುತ್ತದೆ. ತೊಳಸುವಷ್ಟರಲ್ಲಿ ನಿದ್ದೆ ಹತ್ತಿರುತ್ತಿತ್ತು. ಮಲಬದ್ಧತೆ ಪೂರ್ತಿ ಹೋಗಲಿಲ್ಲ. ನೀರು, ಸೊಪ್ಪು ಜಾಸ್ತಿ ಮಾಡಿ, ಸಂಜೆ ಅರ್ಧ ಗಂಟೆ ನಡೆದಾಗ ತಡೆದುಕೊಳ್ಳುವಷ್ಟಾಯಿತು.

ಮರೆವಿಗೆ ಮಾತ್ರ ಸ್ವಂತ ಉಪಾಯ. ಮಾತ್ರೆಯ ಸ್ಟ್ರಿಪ್ ಅನ್ನು ಟೂತ್ ಬ್ರಷ್ ಇಡುವ ಲೋಟದಲ್ಲಿ ನಿಲ್ಲಿಸಿದೆ. ಹಿಂಬದಿಯ ಹಾಳೆಯ ಮೇಲೆ ಪೆನ್ನಿನಲ್ಲಿ ಒಂದೊಂದು ಮಾತ್ರೆಗೂ ತಾರೀಕು ಬರೆದೆ. ನಿನ್ನೆಯ ತಾರೀಕು ಒಡೆಯದೇ ಉಳಿದಿದ್ದರೆ ಕಣ್ಣಿಗೆ ಚುಚ್ಚುತ್ತದಲ್ವಾ? ಫೋನಿನ ಅಲಾರಂ ಆದರೆ ಸುಮ್ನೆ ಆಫ್ ಮಾಡಿಬಿಡುತ್ತಿದ್ದೆ.

36ನೇ ವಾರಕ್ಕೆ 11.2 ಬಂತು. ಹೆರಿಗೆಯಾದ ಮೇಲೂ ಮೂರು ತಿಂಗಳು ಮುಂದುವರಿಸಿ ಎಂದರು. ಸ್ಟ್ರಿಪ್ ಇನ್ನೂ ಬ್ರಷ್ ಲೋಟದಲ್ಲೇ ಇದೆ. ಐರನ್ ಮಾತ್ರೆ ಚಿಕ್ಕ ಮಕ್ಕಳ ಹೊಟ್ಟೆಗೆ ಹೋದರೆ ವಿಷ, ಹಾಗಾಗಿ ಮಗಳು ಅಂಬೆಗಾಲಿಡುವ ಮೊದಲೇ ಅದನ್ನು ಮೇಲಿನ ಕಪಾಟಿಗೆ ಸಾಗಿಸಬೇಕು.