ಹರಿಕೃಷ್ಣ ಕೌಲರ ಪರಿಚಯ ಲೇಖನ: ನಾನು ಸಿದ್ಧಪಡಿಸಿದ ಬಗೆ

ಕಾಶ್ಮೀರಿ ಕಥೆಗಾರ ಹರಿಕೃಷ್ಣ ಕೌಲರ (1934–2009) ಮೇಲೆ ಕನ್ನಡದಲ್ಲಿ 1,200 ಪದಗಳ ಪರಿಚಯ ಲೇಖನ ಬರೆಯಲು ಹೊರಟರೆ ಮೊದಲು ಕೈಗೆ ಸಿಗುವುದು ಇಂಗ್ಲಿಷ್ ಅನುವಾದ ಮತ್ತು ಅದರ ಬೆನ್ನಿಗೇ ಬಂದ ವಿಮರ್ಶೆಗಳು. ಅಲ್ಲಿಂದ ಶುರುಮಾಡಿದರೆ ಲೇಖನ ಒಂದೇ ಕಡೆಗೆ ವಾಲುತ್ತದೆ. ಕೌಲರು 'ಪಂಡಿತರ (ಅಂದರೆ ಕಾಶ್ಮೀರ ಕಣಿವೆಯ ಹಿಂದೂಗಳ) ವಲಸೆಯ ಕಥೆಗಾರ' ಎಂದಾಗಿಬಿಡುತ್ತಾರೆ. ಆ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅದಕ್ಕೇ ನಾನು ಜೀವನದ ವಿವರಕ್ಕೆ ಕೈಹಾಕುವ ಮೊದಲು ಪುಸ್ತಕಗಳ ಇಸವಿಪಟ್ಟಿ ಮಾಡಿಕೊಂಡೆ.

ಕಥಾಸಂಕಲನಗಳು ನಾಲ್ಕು: 'ಪತ ಲಾರಾನ್ ಪರ್ಬತ್' (1972), 'ಹಾಲಸ್ ಛು ರೋತುಲ್' (1985), 'ಯಥ್ ರಾಜ್‌ದಾನೆ' (1996), 'ಜೂಲ್ ಅಪಾರಿಮ್' (2001). ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಗೆರೆ ಎಳೆದು 1990 ಎಂದು ಬರೆಯಬೇಕು. ಪಂಡಿತರ ದೊಡ್ಡ ವಲಸೆ ನಡೆದದ್ದು, ಕೌಲರು ಕಣಿವೆ ಬಿಟ್ಟದ್ದು ಆ ವರ್ಷ. ಲೇಖನದ ಮುಕ್ಕಾಲು ಪಾಲು ನಿರ್ಧಾರಗಳು ಈ ಗೆರೆಯ ಮೇಲೆ ನಿಂತಿವೆ.

ಹೇಗೆ ಅಂತ ಎರಡನೆಯ ಪುಸ್ತಕದ ಹೆಸರನ್ನೇ ನೋಡಿ. 'ಸದ್ಯಕ್ಕೆ ರಾತ್ರಿ' ಎಂಬ ಅರ್ಥದ ಈ ಹೆಸರನ್ನೇ ಇಂಗ್ಲಿಷ್ ಸಂಕಲನಕ್ಕೂ ಇಟ್ಟಿದ್ದಾರೆ. 2024ರಲ್ಲಿ ಆ ಮುಖಪುಟ ನೋಡಿದವರು 'ರಾತ್ರಿ' ಅಂದರೆ ತೊಂಬತ್ತರ ದಶಕ ಎಂದೇ ಓದಿಕೊಳ್ಳುತ್ತಾರೆ. ಮೂಲ ಪುಸ್ತಕ ಬಂದದ್ದು 1990ಕ್ಕೂ ಐದು ವರ್ಷ ಮುಂಚೆ! ಇನ್ನೂ ಒಳ್ಳೆಯ ಉದಾಹರಣೆ 'ಬಿಸಿಲು' ಎಂಬ ಹೆಸರಿನ ಕಥೆ. ಪೋಶ್‌ಕುಜ್ ಎಂಬ ಮುದುಕಿ ಕಾಶ್ಮೀರದಿಂದ ದಿಲ್ಲಿಗೆ, ಮಗನ ಮನೆಗೆ ಬರುತ್ತಾಳೆ. ಕಾಶ್ಮೀರಿ ಪಂಡಿತರ ಮನೆಯ ಹೆಂಗಸು, ದಿಲ್ಲಿ, ಪರಕೀಯತೆ ಮೂರೂ ಒಟ್ಟಿಗೆ ಇರುವುದರಿಂದ ಇದನ್ನು ವಲಸೆಯ ಕಥೆಯೆಂದು ಬರೆದುಬಿಡುವುದು ಬಲು ಸುಲಭ. ಆದರೆ ಇದು 1990ಕ್ಕಿಂತ ಬಹಳ ಹಿಂದಿನದು. ಇಲ್ಲಿ ದಿಲ್ಲಿ ಆಶ್ರಯ ಕೊಟ್ಟ ಊರಲ್ಲ, ನೌಕರಿಗೆ ಹೋದ ಮಗನ ಊರು. ಧಾರವಾಡದ ತಾಯಿ ಮುಂಬಯಿಯ ಮಗನ ಮನೆಗೆ ಹೋದಂತೆ ಓದಿದರೆ ಅದರ ಹಾಸ್ಯ, ಮುದುಕಿಯ ಮಾತಿನ ಮೊನಚು ಕಾಣುತ್ತದೆ. ನಿರಾಶ್ರಿತರ ಕಥೆ ಎಂದು ಓದಿದರೆ ಅದೆಲ್ಲ ಮರೆಯಾಗಿ ಬರಿಯ ದುಃಖ ಉಳಿಯುತ್ತದೆ.

ಹಾಗಾಗಿ ಪ್ರತಿ ಕಥೆಗೂ ಒಂದು ಚೀಟಿ ಮಾಡಬೇಕು. ಅದರಲ್ಲಿ ಐದು ವಿವರ: ಮೂಲ ಹೆಸರು, ಇಂಗ್ಲಿಷ್ ಅನುವಾದದಲ್ಲಿನ ಹೆಸರು, ಮೊದಲು ಸೇರಿದ ಸಂಕಲನ, ಇಸವಿ, ಮತ್ತು ಪುಸ್ತಕವನ್ನೇ ನೋಡಿ ಬರೆದದ್ದೋ ಬೇರೆಯವರ ಬರಹದಿಂದ ಎತ್ತಿದ್ದೋ ಎಂಬ ಗುರುತು. ಕೊನೆಯ ಗುರುತು ಇಲ್ಲದಿದ್ದರೆ ಉಳಿದ ನಾಲ್ಕಕ್ಕೂ ಬೆಲೆಯಿಲ್ಲ. ಇಸವಿಯ ಮುಂದೆ 'ಬರೆದದ್ದು' ಎನ್ನಬಾರದು, 'ಸಂಕಲನದಲ್ಲಿ ಸೇರಿದ್ದು' ಎನ್ನಬೇಕು. ಕಥೆಗಳು ಪತ್ರಿಕೆಯಲ್ಲೋ ರೇಡಿಯೋದಲ್ಲೋ ಮೊದಲೇ ಬಂದಿರುವುದು ಸಾಮಾನ್ಯ. ಕೌಲರು ರೇಡಿಯೋ, ರಂಗಭೂಮಿಗಳಿಗೆ ನಾಟಕಗಳನ್ನೂ ಬರೆದವರು.

ಪ್ರಶಸ್ತಿಯ ಇಸವಿಯಲ್ಲಿ ಇನ್ನೊಂದು ತೊಡಕು. 'ಯಥ್ ರಾಜ್‌ದಾನೆ'ಗೆ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದದ್ದು 2000ದಲ್ಲಿ, ಪುಸ್ತಕ ಬಂದದ್ದು 1996ರಲ್ಲಿ. ಪ್ರಶಸ್ತಿ ಪಟ್ಟಿಯನ್ನಷ್ಟೇ ನೋಡಿ ಬರೆದ ಬರಹಗಳಲ್ಲಿ ಪುಸ್ತಕವೂ 2000ಕ್ಕೆ ಜಾರುತ್ತದೆ, ವಲಸೆಗೂ ಪುಸ್ತಕಕ್ಕೂ ನಡುವಿನ ಆರು ವರ್ಷ ಹತ್ತಾಗುತ್ತದೆ.

ಹೆಸರಿನ ವಿಷಯ. ಗ್ರಂಥಾಲಯದ ಪಟ್ಟಿಯಲ್ಲಿ 'ಎಚ್. ಕೆ. ಕೌಲ್' ಎಂದು ಹುಡುಕಿದರೆ ಸಿಗುವವರು ಬೇರೆ. ಅವರು ಇಂಗ್ಲಿಷ್ ಕವಿ, ದಿಲ್ಲಿಯ ಗ್ರಂಥಾಲಯ ಜಾಲ ಡೆಲ್‌ನೆಟ್ ಕಟ್ಟಿದವರು. ಕಥೆಗಾರ ಕೌಲರನ್ನು ಪೂರ್ತಿ ಹೆಸರಿನಿಂದಲೇ ಹುಡುಕಬೇಕು, ಅದೂ 'ಕೃಷ್ಣ', 'ಕೃಷನ್' ಎರಡೂ ಕಾಗುಣಿತದಲ್ಲಿ. ಸಂಕಲನದ ಹೆಸರು ಜೊತೆಗೆ ಹಾಕಿದರೆ ಅರ್ಧ ಕಸ ಅಲ್ಲೇ ಸೋಸಿಹೋಗುತ್ತದೆ.

ಲಿಪ್ಯಂತರಕ್ಕೆ ನಾನು ಇಟ್ಟುಕೊಂಡ ನಿಯಮಗಳು ಕಡಿಮೆ. ಕಾಶ್ಮೀರಿಯಲ್ಲಿ ಹ್ರಸ್ವ ಎ, ಒ ಇವೆ. ದೇವನಾಗರಿಯಲ್ಲಿ ಅದಕ್ಕೆ ಹೊಸ ಗುರುತು ಬೇಕು, ನಮ್ಮಲ್ಲಿ ಅಕ್ಷರವೇ ಇದೆ. ಆದ್ದರಿಂದ ಇಂಗ್ಲಿಷಿನಿಂದಲ್ಲದೆ ನಸ್ತಲೀಕ್ (ಉರ್ದುವಿನಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿ) ಮೂಲದಿಂದಲೋ, ಬಲ್ಲವರ ಉಚ್ಚಾರಣೆ ಕೇಳಿಯೋ ನೇರ ಕನ್ನಡಕ್ಕೆ ಇಳಿಸುವುದು ಲೇಸು. ಆದರೆ ಹಳೆಯ ಮುದ್ರಣದಲ್ಲಿ ಸ್ವರಚಿಹ್ನೆಗಳು ಎಷ್ಟೋ ಕಡೆ ಬಿಟ್ಟುಹೋಗಿರುತ್ತವೆ, ಉಚ್ಚಾರಣೆ ಕೇಳದೆ ಮುಂದುವರಿಯಬಾರದು. ನಾಲಗೆಯ ನಡುಭಾಗದಿಂದ ಹೊರಡುವ ಅವರ ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಹತ್ತಿರದ್ದನ್ನು ಬರೆದು ಅದನ್ನೇ ಕಡೆತನಕ ಪಾಲಿಸಿದೆ. ಇಂಗ್ಲಿಷಿನ z ಧ್ವನಿಗೆ ಜ ಕೆಳಗೆ ಎರಡು ಚುಕ್ಕಿ ಇಡಬಹುದು, ಆದರೆ ಎಷ್ಟೋ ಫಾಂಟ್‌ಗಳಲ್ಲಿ ಅದು ಒಡೆದು ಕಾಣುತ್ತದೆ. ಬರೀ ಜ ಸಾಕು. 'ಅಪಾರಿಮ್' ಕಂಡ ಕನ್ನಡಿಗ 'ಅಪಾರ' ಎಂದು ಓದಿಕೊಳ್ಳುವುದು ಖಂಡಿತ, ಪಕ್ಕದಲ್ಲೇ 'ಆಚೆ ದಡದ ದೀಪಾಲಂಕಾರ' ಎಂದು ಹಾಕಿದೆ.

ಹಿನ್ನೆಲೆಗೆ 150 ಪದ ಮೀರಬಾರದು. ಕಾಶ್ಮೀರಿ ಕಾವ್ಯ ಹದಿನಾಲ್ಕನೆಯ ಶತಮಾನದ ಕವಯಿತ್ರಿ ಲಲ್ಲೇಶ್ವರಿಯಷ್ಟು ಹಳೆಯದಾದರೂ ಸಣ್ಣಕಥೆ ಹುಟ್ಟಿದ್ದು 1950ರಲ್ಲಿ, 'ಕ್ವಂಗ್ ಪೋಶ್' ಪತ್ರಿಕೆಯಲ್ಲಿ ಸೋಮನಾಥ ಝುತ್ಶಿ, ದೀನಾನಾಥ ನಾದಿಮ್ ಬರೆದ ಕಥೆಗಳಿಂದ. ಆ ಭಾಷೆಯ ಮೊದಲ ಕಾದಂಬರಿಯೆನಿಸಿದ ಅಖ್ತರ್ ಮೊಹಿಯುದ್ದೀನರ 'ದೊದ್ ದಗ್' 1957ರದ್ದು. ಅಂದರೆ ಕೌಲರ ಮೊದಲ ಸಂಕಲನ ಬರುವಾಗ ಆ ಭಾಷೆಯ ಸಣ್ಣಕಥೆಗೆ ಇಪ್ಪತ್ತೆರಡೇ ವರ್ಷ. ಮಾಸ್ತಿಯವರ ಮೊದಲ ಸಂಕಲನ 1920ರದ್ದು ಎಂದು ನೆನಪಿಸಿದರೆ ನಮ್ಮ ಓದುಗರಿಗೆ ಅಂತರ ತಟ್ಟನೆ ಹೊಳೆಯುತ್ತದೆ. ರಾಜಕೀಯ ಇತಿಹಾಸಕ್ಕೆ ಇಲ್ಲಿ ಎರಡು ವಾಕ್ಯ ಸಾಕು. ಅದಕ್ಕೆ ಜಾಗ ಬಿಟ್ಟರೆ ಕಥೆಗಳ ಜಾಗವನ್ನೇ ತಿಂದುಹಾಕುತ್ತದೆ.

ಕಥೆಗಳಿಗೆ 600 ಪದ ಮೀಸಲಿಟ್ಟು, ನಾಲ್ಕೇ ಕಥೆ ಆರಿಸಿಕೊಂಡೆ: 1990ರ ಗೆರೆಗೆ ಮುಂಚಿನವು ಎರಡು, ನಂತರದವು ಎರಡು. ಮುಂಚಿನವುಗಳಲ್ಲಿ, ಜೊತೆಯವರೆಲ್ಲ ಬೆಳೆದು ಮುಂದೆ ಹೋದರೂ ಅದೇ ತರಗತಿಯಲ್ಲಿ ಉಳಿದುಬಿಡುವ ಇಬ್ಬರು ಹುಡುಗರ ಕಥೆ ಬಿಡುವಂತಿಲ್ಲ. ಸಾರಾಂಶ ಬರೆಯುವಾಗ 'ಸಾಂಕೇತಿಕ' ಎಂಬ ಪದ ಹೊಡೆದುಹಾಕಿ, ತರಗತಿಯಲ್ಲಿ ಏನು ನಡೆಯುತ್ತದೆ ಎಂಬುದನ್ನಷ್ಟೇ ಹೇಳಬೇಕು. ಕೌಲರು ಅಸಂಭವವನ್ನು ದಿನನಿತ್ಯದ ಸಂಗತಿಯೆಂಬಂತೆ ಹೇಳುವವರು, ವಿವರಿಸಿದರೆ ಅದು ಕೆಡುತ್ತದೆ.

ಭಾಷೆಯ ಅನುಮಾನಗಳಿಗೆ ಕನ್ನಡಿಗರಿಗೆ ಮೈಸೂರೇ ಹತ್ತಿರ. ಭಾರತೀಯ ಭಾಷಾ ಸಂಸ್ಥಾನದ ಕೇಂದ್ರ ಕಚೇರಿ ಮಾನಸಗಂಗೋತ್ರಿಯಲ್ಲಿದೆ, ಕಾಶ್ಮೀರಿ ಕಲಿಸುವುದು ಮಾತ್ರ ಅದರ ಪಟಿಯಾಲ ಕೇಂದ್ರ.

ಉದ್ಧರಣೆ ಬೇಕಿದ್ದರೆ ಒಂದೆರಡು ಸಾಲು, ಅಷ್ಟೇ. ಇಡೀ ಕಥೆಯನ್ನು ಕನ್ನಡಕ್ಕೆ ತರುವುದಾದರೆ ವಾರಸುದಾರರ ಅನುಮತಿ ಬೇಕು, ಹಕ್ಕು 2069ರ ಕೊನೆಯವರೆಗೆ ಇದೆ. ಇಂಗ್ಲಿಷಿನಿಂದ ತಂದರೆ ಅನುವಾದಕರ ಹಕ್ಕೂ ಸೇರುತ್ತದೆ. ಅವರು ನಾಲ್ವರು, ಕಲ್ಪನಾ ರೈನಾ, ತನ್ವೀರ್ ಅಜ್ಸಿ, ಗೌಹರ್ ಫಾಜಿಲಿ, ಗೌಹರ್ ಯಾಕೂಬ್. 'ಕಲ್ಪನಾ ರೈನಾ ಮತ್ತು ಇತರರು' ಎಂದು ಮೊಟಕುಗೊಳಿಸದೆ ನಾಲ್ಕೂ ಹೆಸರು ಬರೆಯಬೇಕು.